ಕೆಂಪು ಬೇಲಿಗೆ, ಕಪ್ಪು ತೊಟ್ಟಿಲಿಗೆ

ಕೊಪ್ಪ
12 ಜುಲೈ 2024

ಮಾನ್ಯ ಸೀತಕ್ಕನವರಿಗೆ,

ಕೊಪ್ಪದ ಸೋಮನಾಥ ಮೇಷ್ಟ್ರ ನಮಸ್ಕಾರಗಳು. ಕಳೆದ ಬೇಸಿಗೆಯಲ್ಲಿ ಇಲ್ಲೇ ಹತ್ತಿರದ ನಾರ್ವೆ ಹಳ್ಳಿಯ ನಿಮ್ಮ ಜಗಲಿಯಲ್ಲಿ ಮೂರು ಗಂಟೆ ಕುಳಿತು, ಎಳೆಮಕ್ಕಳ ಕೈಗೆ ಕಟ್ಟುವ ರಕ್ಷೆದಾರದ ಕಥೆಯನ್ನು ಬರೆದುಕೊಂಡು ಬಂದವನು ನಾನು. ಆ ನಿಮ್ಮ ಕಥೆಗೆ ಈಗ ಯೋಗ ಕೂಡಿಬಂದಿದೆ. ಶೃಂಗೇರಿಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ರೇಣುಕಾಪ್ರಸಾದ್ ಈ ದಾರಗಳನ್ನು ಮಾಡಿಸಿ ಮಾರುತ್ತಿದ್ದಾನೆ. ಪ್ರತಿ ದಾರದ ಜೊತೆ ಅದರ ಹುಟ್ಟಿನ ಕಥೆ ಇರುವ ಒಂದು ಚೀಟಿ. ಬರೆದವನು ನಾನೇ. ಒಂದು ದಾರ, ಒಂದು ಚೀಟಿ ಇದರೊಂದಿಗಿವೆ.

ಓದುಗರ ಅಭಿರುಚಿಗೆ ತಕ್ಕಂತೆ ಅಲ್ಪಸ್ವಲ್ಪ ತಿದ್ದಿದ್ದೇನೆ. ಚೀಟಿ ಹೀಗೆ ಆರಂಭವಾಗುತ್ತದೆ: 'ಪೂರ್ವದಲ್ಲಿ ತುಂಗಾತೀರದ ದಟ್ಟಾರಣ್ಯದಲ್ಲಿ ತಪೋನಿರತನಾಗಿದ್ದ ಋಷಿಯೋರ್ವನು ಬಾಲಗ್ರಹಪೀಡಿತ ಶಿಶುವಿನ ಆಕ್ರಂದನವನ್ನು ಕೇಳಿ, ಕಪ್ಪು ದಾರಕ್ಕೆ ಏಳು ಗಂಟು ಹಾಕಿ, ಗಂಟಿಗೊಂದರಂತೆ ರಕ್ತವರ್ಣದ ಗುಲಗಂಜಿಯನ್ನು ಪೋಣಿಸಿದನು. ಗುಲಗಂಜಿಯ ಕಪ್ಪು ಕಣ್ಣು ದುಷ್ಟದೃಷ್ಟಿಗೆ ಪ್ರತಿದೃಷ್ಟಿ.' ಈ ಕೊನೆಯ ಮಾತು ಬರೆದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು.

ನಮ್ಮ ಜಾನಪದಕ್ಕೆ ಇದೊಂದು ಕಿರುಸೇವೆ ಎಂದುಕೊಂಡಿದ್ದೇನೆ.

ನಿಮ್ಮ ವಿಶ್ವಾಸಿ,
ಸೋಮನಾಥ

*

ನಾರ್ವೆ
2 ಆಗಸ್ಟ್ 2024

ಮೇಷ್ಟ್ರೇ,

ಕಾಗದ ಬಂತು. ಫೋನಲ್ಲಿ ಹೇಳಬಹುದಿತ್ತು, ಆದರೆ ಫೋನಿನ ಮಾತಿಗೆ ನೀವು 'ಹೂಂ ಹೂಂ' ಅಂತೀರಿ, ಆಮೇಲೆ ಮರೀತೀರಿ. ಮೂವತ್ತು ವರ್ಷ ಅಂಗನವಾಡಿಯಲ್ಲಿ ರಿಜಿಸ್ಟರ್ ಬರೆದವಳು ನಾನು, ಎರಡು ಸಾಲು ಬರೆಯಲು ಬರುತ್ತದೆ.

ಯಾರು ಮಾರಾಯ್ರೇ ಈ ಋಷಿ? ನಾನು ಮೂರು ಗಂಟೆ ಹೇಳಿದೆನಲ್ಲ, ಅದರಲ್ಲಿ ಇವನು ಎಲ್ಲಿ ಬಂದ? ನಾನು ಕಾಫಿ ತರಲು ಒಳಗೆ ಹೋದಾಗ ಬಂದಿರಬೇಕು. ಆ ಕಾಫಿ ನೀವು ಕುಡಿಯಲೂ ಇಲ್ಲ, 'ಈಗಷ್ಟೇ ಕುಡಿದು ಬಂದೆ' ಅಂದಿರಿ. ಅದಿರಲಿ.

ಅವ್ವ ಹೇಳುತ್ತಿದ್ದದ್ದನ್ನು ಇನ್ನೊಮ್ಮೆ ಬರೆಯುತ್ತೇನೆ, ಸರಿಯಾಗಿ ಕೇಳಿ. ಬಾಣಂತಿ ಮನೆ ಬಾಗಿಲಿಗೆ ಬಾಲಗ್ರಹ ಬಂದು 'ಒಳಗೆ ಎಂತ ಇದೆ?' ಅಂತು. ಸೂಲಗಿತ್ತಿ 'ನಾಯಿಮರಿ' ಅಂದಳು. 'ನಾಯಿಮರಿ ಹಿಂಗೆ ಅಳೋದಿಲ್ಲ' ಅಂತ ಒಳಗೆ ಬಂತು. ನೋಡಿದರೆ ಕೂಸಿನ ಕೈಯಲ್ಲಿ ಕಪ್ಪು ದಾರ, ಏಳು ಗಂಟು. ಗಂಟು ಬಿಚ್ಚದೆ ಅದು ಕೂಸನ್ನು ಮುಟ್ಟುವ ಹಾಗಿಲ್ಲ. ಆರು ಬಿಚ್ಚಿತು. ಏಳನೆಯದರಲ್ಲಿ ಬಟ್ಟೆಯೊಳಗೆ ಹೊಲಿದ ಬಜೆಬೇರಿನ ಚೂರು. ಹಲ್ಲಿನಿಂದ ಬಿಚ್ಚಲು ಹೋಗಿ ನಾಲಿಗೆಯೆಲ್ಲ ಉರಿ. ಆಗ ಗ್ರಹ ಅಂತು, 'ಥೂ ಮುದುಕಿ, ಈ ಖಾರದ ಬೇರು ಯಾಕೆ ಕಟ್ಟಿದೆ? ಬೇಲಿ ಮೇಲೆ ಅಷ್ಟು ಚಂದದ ಕೆಂಪು ಬೀಜ ಇತ್ತಲ್ಲ, ಅದು ಕಟ್ಟಿದ್ದರೆ ನನಗೆ ಕೆಲಸವೇ ಇರ್ತಿರಲಿಲ್ಲ!' ಅದಕ್ಕೆ ಸೂಲಗಿತ್ತಿ ಹೇಳಿದಳು: 'ಕೆಂಪು ಬೇಲಿಗೆ, ಕಪ್ಪು ತೊಟ್ಟಿಲಿಗೆ.'

ಗುಲಗಂಜಿ ವಿಷ, ಮೇಷ್ಟ್ರೇ. ಗ್ರಹಕ್ಕೆ ಕೆಲಸ ಇರುತ್ತಿರಲಿಲ್ಲ ಅಂದರೆ ಅದೇ ಅರ್ಥ. ಗ್ರಹ ಆಡಿದ ಮಾತನ್ನು ತಂದು ನೀವು ಋಷಿಯ ಬಾಯಿಗೆ ಹಾಕಿದ್ದೀರಿ. ಅದರ ಮೇಲೆ ಬೀಜಕ್ಕೆ ತೂತು ಬೇರೆ ಕೊರೆದಿದ್ದಾರೆ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಬಂದರೂ ಬರಬಹುದು, ತೂತಾದದ್ದು ಬಿಡುವುದಿಲ್ಲ.

ಇನ್ನೊಂದು. ಈ ಕಥೆಯನ್ನು ಹೇಳುವ ಸೂಲಗಿತ್ತಿ ತನ್ನ ಹೆಸರು ಹಾಕಿ ಹೇಳಬೇಕು. ಅವ್ವ ತನ್ನ ಹೆಸರು ಹಾಕುತ್ತಿದ್ದಳು, ಅವಳ ಅವ್ವ ಅವಳದು. ನಾನು ಸೂಲಗಿತ್ತಿ ಆಗಲಿಲ್ಲ, ಅದಕ್ಕೆ ಅವ್ವನ ಹೆಸರಲ್ಲೇ ನಿಲ್ಲಿಸಿದ್ದೇನೆ. ಆ ದಿನ ಜಗಲಿಯಲ್ಲಿ ಹೇಳಿದ್ದೆ, ಇಲ್ಲಿ ಬೇಕೆಂದೇ ಮತ್ತೆ ಬರೆದಿಲ್ಲ. ನಿಮ್ಮ ಚೀಟಿಯಲ್ಲಿ ಹುಡುಕಿದೆ. ಇಲ್ಲ.

ಕೆಂಪು ತೆಗೆಸಿ. ನಿಮ್ಮ ದಾರ ವಾಪಸು ಕಳಿಸಿದ್ದೇನೆ.

ಸೀತಕ್ಕ

*

ಕೊಪ್ಪ
20 ಆಗಸ್ಟ್ 2024

ಪ್ರಿಯ ಸೀತಕ್ಕ,

ನಿಮ್ಮ ಪತ್ರ ಓದಿ ಮನಸಾರೆ ನಕ್ಕೆ. ಋಷಿ ಬಂದ ಬಗೆಯನ್ನು ಎಷ್ಟು ಚೆನ್ನಾಗಿ ಬರೆದಿದ್ದೀರಿ!

ತಾವು ಅನ್ಯಥಾ ಭಾವಿಸಬಾರದು. ಚೀಟಿ ಅಂಗೈಯಗಲದ್ದು, ಅದರಲ್ಲಿ ಎಲ್ಲವೂ ಹಿಡಿಸುವುದಿಲ್ಲ. ಗ್ರಹದ ಸಂಭಾಷಣೆ ಸ್ವಲ್ಪ ದೀರ್ಘವಾಯಿತು ಎನಿಸಿ ಕೈಬಿಟ್ಟೆ. ದೇವಸ್ಥಾನಕ್ಕೆ ಬಂದ ಯಾತ್ರಿಕರು ಋಷಿ ಎಂದರೆ ಕೈಮುಗಿದು ಕೊಳ್ಳುತ್ತಾರೆ, ಸೂಲಗಿತ್ತಿ ಎಂದರೆ ಹಾಗಲ್ಲ. ಇದು ಲೋಕರೂಢಿ, ನನ್ನ ಅಭಿಪ್ರಾಯವಲ್ಲ. ಗುಲಗಂಜಿಯನ್ನು ಅಕ್ಕಸಾಲಿಗರು ತಲೆತಲಾಂತರದಿಂದ ಕೈಯಲ್ಲಿ ಹಿಡಿದು ಚಿನ್ನ ತೂಗಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಕೈಗೆ ಕಟ್ಟಿದ್ದನ್ನು ಯಾರು ತಿನ್ನುತ್ತಾರೆ?

ಆದರೂ ಎರಡನೆಯ ಮುದ್ರಣದಲ್ಲಿ ನಿಮ್ಮ ಸಲಹೆಯನ್ನು ಗಮನಿಸುವೆ.

ನಿಮ್ಮವ,
ಸೋಮನಾಥ

*

ಕೊಪ್ಪ
9 ನವೆಂಬರ್ 2024

ಪ್ರಿಯ ಸೀತಕ್ಕ,

ದೀಪಾವಳಿ ಚೆನ್ನಾಗಿ ಆಯಿತೆಂದು ನಂಬಿದ್ದೇನೆ. ನನ್ನ ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ಮುನಿಸಿಕೊಂಡಿರಾ?

ದಾರಗಳು ಬಿಸಿ ದೋಸೆಯಂತೆ ಹೋಗುತ್ತಿವೆಯಂತೆ. ಚೀಟಿಯನ್ನು ಕೆಲವರು ದೇವರ ಮನೆಯಲ್ಲಿಟ್ಟು ಪೂಜಿಸುತ್ತಾರಂತೆ. ನಿಮ್ಮ ತಾಯಿ ಹೇಳುತ್ತಿದ್ದ ಬೇರೆ ಕಥೆಗಳಿದ್ದರೆ ಕೇಳಲು ಬರುವ ಆಸೆಯಿದೆ. ಯಾವಾಗ ಬಿಡುವು?

ಸೋಮನಾಥ

*

ಶಿವಮೊಗ್ಗ
3 ಡಿಸೆಂಬರ್ 2024

ಮೇಷ್ಟ್ರೇ,

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ನನ್ನ ಮಗಳ ಮಗಳು ಸೌಂದರ್ಯಾ, ಎನ್.ಆರ್.ಪುರದಲ್ಲಿದ್ದಾಳೆ. ಅವಳ ಕೂಸು ಮೇಘನ, ಎಂಟು ತಿಂಗಳು. ಹಲ್ಲು ಬರುವ ಕಾಲ, ಸಿಕ್ಕಿದ್ದೆಲ್ಲ ಬಾಯಿಗೆ. ಆ ಕೂಸಿಗೆ ಹುಟ್ಟಿದ ಹತ್ತನೇ ದಿನ ನಾನೇ ಬಜೆದಾರ ಕಟ್ಟಿದ್ದೆ. ಹೋದ ತಿಂಗಳು ಇವರು ಶೃಂಗೇರಿಗೆ ಹೋಗಿದ್ದಾರೆ, ನಿಮ್ಮ ದಾರ ತಂದಿದ್ದಾರೆ. ನನ್ನದನ್ನು ಕತ್ತರಿಸಿ ಅದನ್ನು ಕಟ್ಟಿದ್ದಾರೆ. ಏಳು ಬೀಜ ಇದ್ದ ದಾರದಲ್ಲಿ ಶುಕ್ರವಾರ ನೋಡಿದರೆ ಆರೇ ಇತ್ತು.

ವಾಂತಿ, ಭೇದಿ, ಅದರಲ್ಲಿ ರಕ್ತ. ಈಗ ಕಣ್ಣು ಬಿಡುತ್ತಿಲ್ಲ. ಡಾಕ್ಟರು ಇದಕ್ಕೆ ಎದುರು ಮದ್ದು ಅಂತ ಇಲ್ಲ, ಕಾಯಬೇಕು ಅಂದಿದ್ದಾರೆ.

ಸೌಂದರ್ಯಾಗೆ ಬೈದೆ. ಅವಳು ಅಳುತ್ತಾ ಪರ್ಸಿನಿಂದ ಚೀಟಿ ತೆಗೆದಳು. 'ಅಜ್ಜೀ, ಇದರಲ್ಲಿ ಬರೆದಿದಾರಲ್ಲ, ನೋಡು. ನೀನು ಹೇಳಿದ್ದು ಬರೀ ಬಾಯಿಮಾತು, ಇದು ಪ್ರಿಂಟಲ್ಲಿ ಇತ್ತಲ್ಲ' ಅಂದಳು. ನನ್ನ ಅವ್ವನ ಕಥೆ ನನ್ನ ಮನೆಗೇ ಬಂತು, ಬಾಗಿಲಲ್ಲಿ ನನಗೇ ಗುರುತು ಸಿಗದ ಹಾಗೆ.

ನಿಮಗೆ ಶಾಪ ಹಾಕಬೇಕು ಅಂತ ಪೆನ್ನು ಹಿಡಿದೆ. ಆಗುತ್ತಿಲ್ಲ. ಯಾಕೆಂದರೆ ನಾಚಿಕೆ ನನಗೂ ಇದೆ. ನಿಮ್ಮ ಚೀಟಿ ನಾಲ್ಕು ತಿಂಗಳು ನನ್ನ ಟ್ರಂಕಿನಲ್ಲಿತ್ತು. ಇಂಥದ್ದೊಂದು ಬಂದಿದೆ, ಕಟ್ಟಬೇಡಿ ಅಂತ ಊರೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಅವ್ವನ ಹೆಸರಿಲ್ಲ ಅನ್ನುವ ಸಿಟ್ಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ.

ಯಾರು ತಿನ್ನುತ್ತಾರೆ ಅಂತ ಕೇಳಿದ್ದಿರಲ್ಲ. ಇವಳು ತಿಂದಳು.

ಸೀತಕ್ಕ

*

ಕೊಪ್ಪ
6 ಡಿಸೆಂಬರ್ 2024

ರೇಣುಕಾಪ್ರಸಾದ್,

ಫೋನಿನಲ್ಲಿ ಹೇಳಿದ್ದನ್ನೇ ಬರವಣಿಗೆಯಲ್ಲೂ ಕೊಡುತ್ತಿದ್ದೇನೆ. ರಕ್ಷೆದಾರವನ್ನು ಇನ್ನು ಒಂದೂ ಮಾರಬೇಡ. ಚೀಟಿಯನ್ನು ಕೊಡಬೇಡ. ನಾಡಿದ್ದು ಬೆಳಗಿನ ಬಸ್ಸಿಗೆ ಬರುತ್ತೇನೆ. ಉಳಿದದ್ದನ್ನೆಲ್ಲ ನನಗೆ ಕೊಡು.

ಸೋಮನಾಥ

*

ಶೃಂಗೇರಿ
11 ಡಿಸೆಂಬರ್ 2024

ಪೂಜ್ಯ ಗುರುಗಳಿಗೆ,

ಮೊನ್ನೆ ನಿಮ್ಮನ್ನು ಆ ಸ್ಥಿತಿಯಲ್ಲಿ ನೋಡಿದ ಮೇಲೆ ದಾರಗಳನ್ನು ಚೀಲಕ್ಕೆ ತುಂಬಿ ಕೊಟ್ಟುಬಿಟ್ಟೆ. ಹೇಳಬೇಕಾದದ್ದು ಉಳಿಯಿತು, ಹಾಗಾಗಿ ಈ ಕಾಗದ.

ಸರ್, ತಪ್ಪು ತಿಳಿಯಬೇಡಿ. ನನ್ನ ತಪ್ಪಿಲ್ಲ ಅಂತಲ್ಲ. ಆದರೆ ಚೀಟಿಯಲ್ಲಿ ಇದ್ದದ್ದನ್ನೇ ನಾವು ಪೋಣಿಸಿದ್ದು. ಬಜೆಯ ವಿಷಯ ನೀವು ಹೇಳಿರಲಿಲ್ಲ. ನೀವು ಬರೆದದ್ದು ಅಂದ ಮೇಲೆ ಯಾರನ್ನು ಕೇಳಬೇಕು? ಏಳನೇ ಕ್ಲಾಸಿನಲ್ಲಿ ನನ್ನ ಕಾಗುಣಿತಕ್ಕೆ ಬೆತ್ತದಲ್ಲಿ ಹೊಡೆದವರು ನೀವು. ನನ್ನ ತಮ್ಮನ ಮಗುವಿನ ಕೈಯಲ್ಲೂ ಅದೇ ಇತ್ತು, ಓಡಿಹೋಗಿ ಬಿಚ್ಚಿಸಿದೆ.

ಅಂಗಡಿಯಲ್ಲಿದ್ದದ್ದು ನಿಮ್ಮ ಕೈ ಸೇರಿತು. ಹೋದವನ್ನು ಹೇಗೆ ತರುವುದು, ಸರ್? ಕೊಂಡವರು ಯಾವ ಯಾವ ಊರಿನವರೋ. ನನಗೂ ನಿದ್ದೆ ಇಲ್ಲ.

ನಿಮ್ಮ ಶಿಷ್ಯ,
ರೇಣುಕಾಪ್ರಸಾದ್

*

ಕೊಪ್ಪ
20 ಡಿಸೆಂಬರ್ 2024

ಸೀತಕ್ಕ,

ಕೂಸು ಕಣ್ಣು ಬಿಟ್ಟಿತೆಂದು ನಿಮ್ಮ ಊರಿನ ಲೋಕೇಶ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ. ಶಿವಮೊಗ್ಗಕ್ಕೆ ಎರಡು ಸಲ ಬಂದಿದ್ದೆ. ಒಳಗೆ ಬರುವ ಮುಖವಿರಲಿಲ್ಲ. ಗೇಟಿನಿಂದಲೇ ತಿರುಗಿ ಬಂದೆ.

ಶೃಂಗೇರಿಯಿಂದ ತಂದ ದಾರಗಳನ್ನೆಲ್ಲ ಸುಟ್ಟೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದೇನೆ, ನೋಡಿರಬಹುದು: 'ಸಾರ್ವಜನಿಕರ ಗಮನಕ್ಕೆ: ಗುಲಗಂಜಿಯುಳ್ಳ ದಾರಗಳನ್ನು ಮಕ್ಕಳಿಗೆ ಕಟ್ಟಬಾರದು.' ಚೀಟಿಯನ್ನು ಹೊಸದಾಗಿ ಬರೆಯಲು ಹೊರಟೆ. ನೀವು ಹೇಳಿದಂತೆ ಸೂಲಗಿತ್ತಿಯ ಹೆಸರಿನಿಂದಲೇ ಶುರುಮಾಡಬೇಕೆಂದು ಹಳೆಯ ನೋಟ್‌ಬುಕ್ ತೆರೆದೆ. ಹನ್ನೊಂದು ಪುಟ ಬರೆದುಕೊಂಡಿದ್ದೇನೆ. ನಿಮ್ಮ ಜಗಲಿಯ ಉದ್ದಗಲ ಕೂಡ ಇದೆ. ಆದರೆ ನಿಮ್ಮ ತಾಯಿ ಇರುವ ಕಡೆಯಲ್ಲೆಲ್ಲ 'ಮುದುಕಿ' ಎಂದಿದೆ. ನೀವು ಕಥೆಯಲ್ಲಿ ಹೆಸರು ಹೇಳಿಯೇ ಇದ್ದಿರಿ, ನಾನೇ ಬರೆದುಕೊಳ್ಳಲಿಲ್ಲ.

ದಯವಿಟ್ಟು ಹೆಸರು ತಿಳಿಸಿ. ಕೇಳಲು ನಾಚಿಕೆಯಾಗುತ್ತದೆ.

ಸೋಮನಾಥ

*

ನಾರ್ವೆ
8 ಜನವರಿ 2025

ಮೇಷ್ಟ್ರೇ,

ಕೂಸು ಮನೆಗೆ ಬಂದಿದೆ. ಕಡ್ಡಿಯ ಹಾಗಾಗಿದೆ, ಆದರೆ ನಗುತ್ತದೆ. ಸೌಂದರ್ಯಾ ನನ್ನ ಮುಖ ನೋಡಿ ಮಾತಾಡುವುದಿಲ್ಲ, ನಾನೂ ಅವಳ ಮುಖ ನೋಡುವುದಿಲ್ಲ.

ಪ್ರಕಟಣೆ ನೋಡಿದೆ. ಎಲ್ಲಾ ತಪ್ಪು ಗುಲಗಂಜಿಯದ್ದು ಅನ್ನುವ ಹಾಗೆ ಬರೆದಿದ್ದೀರಿ. ಪಾಪ, ಅದು ಬೇಲಿಯ ಮೇಲೆ ತನ್ನ ಪಾಡಿಗೆ ಇತ್ತು. ಎಲ್ಲಿ ಹುಡುಕಿದರೂ ನೀವು ಇಲ್ಲ. ಋಷಿಯೂ ಇಲ್ಲ. ಇಬ್ಬರೂ ಒಟ್ಟಿಗೆ ತಪಸ್ಸಿಗೆ ಹೋದಿರಾ?

ಅವ್ವನ ಹೆಸರು ಕೇಳಿದ್ದೀರಿ. ಮೊದಲು ನಿಮ್ಮ ಅಕ್ಕ ರಾಧಮ್ಮನವರ ಹತ್ತಿರ ಒಂದು ಮಾತು ಕೇಳಿ. ಮೇಗುಂದದ ನಿಮ್ಮ ಹಳೇ ಮನೆಯಲ್ಲಿ ನಿಮ್ಮ ಹೊಕ್ಕುಳಬಳ್ಳಿ ಕೊಯ್ದವರು ಯಾರು ಅಂತ. ಅವರಿಗೆ ಹೆಸರು ಗೊತ್ತಿದ್ದರೆ ಅವರೇ ಹೇಳಲಿ.

ಸೀತಕ್ಕ

*

ಕೊಪ್ಪ
16 ಫೆಬ್ರವರಿ 2025

ಸೀತಕ್ಕ,

ಕೇಳಿದ ದಿನವೇ ಬರೆಯಬೇಕಿತ್ತು. ಬರೆಯಲು ಒಂದು ತಿಂಗಳು ಬೇಕಾಯಿತು. ಇದರಲ್ಲಿ ನನ್ನ ಭಾಷೆ ಚೆನ್ನಾಗಿರುವುದಿಲ್ಲ.

ಅಕ್ಕ ಹೇಳಿದ್ದು ಇಷ್ಟು. ನಾನು ಕಾಲು ಮುಂದಾಗಿ ಬಂದೆನಂತೆ. ಎರಡು ದಿನ ಅಮ್ಮನ ಜೀವ ಹೋಗಿ ಬರುತ್ತಿತ್ತು. ಆ ಎರಡು ದಿನ ನಿಮ್ಮ ತಾಯಿ ಕೊಟ್ಟಿಗೆಯ ಪಕ್ಕದ ಕೋಣೆಯಿಂದ ಕದಲಲಿಲ್ಲ. ಅಮ್ಮನನ್ನೂ ಉಳಿಸಿದರು, ನನ್ನನ್ನೂ ಉಳಿಸಿದರು, ನನ್ನ ಕೈಗೆ ದಾರ ಕಟ್ಟಿದರು. ಹನ್ನೊಂದನೆಯ ದಿನ ಶುದ್ಧವಾಯಿತು. ಅವರು ಮುಟ್ಟಿದ್ದನ್ನೆಲ್ಲ ತೆಗೆಯಬೇಕೆಂದು ಅಪ್ಪ ಹೇಳಿದರಂತೆ. ದಾರ ಕತ್ತರಿಸಿ ಬಾಳೆಲೆಯ ಮೇಲೆ ಹಾಕಿ, ಕೈ ತಾಗಿಸದೆ ಒಯ್ದು ಗೊಬ್ಬರದ ಗುಂಡಿಗೆ ಎಸೆದು ಬಾ ಎಂದು ಅಕ್ಕನನ್ನು ಕಳಿಸಿದರು. ಅಕ್ಕನಿಗೆ ಆಗ ಎಂಟು ವರ್ಷ.

ಅಕ್ಕ ಎಸೆದು ತಿರುಗುವಾಗ ನಿಮ್ಮ ತಾಯಿ ಅಲ್ಲೇ ಇದ್ದರು. ಅಂಗಳದಾಚೆ ನಿಂತು ಅಕ್ಕಿ ಪಡೆದುಕೊಂಡು ಹೋಗಲು ಬಂದಿದ್ದರು. ಗುಂಡಿಗೆ ಇಳಿದು ದಾರ ಹೆಕ್ಕಿ ಕಾಲುವೆಯಲ್ಲಿ ತೊಳೆದರು. 'ಅದನ್ನೆಂತಕ್ಕೆ ತಗೊಳ್ತಿ?' ಎಂದು ಅಕ್ಕ ಕೇಳಿದಳಂತೆ. 'ದಾರ ಎಂತ ತಪ್ಪು ಮಾಡಿದೆ ಮಗಾ?' ಅಂದರಂತೆ.

ಅವರ ಹೆಸರೇನು ಅಕ್ಕಾ ಎಂದೆ. 'ನಾವು ಹೆಸರು ಹಿಡಿದು ಎಲ್ಲಿ ಕರೀತಿದ್ವೋ? ಹೋಯ್ ಅಂತಿದ್ವಿ' ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

ಇನ್ನು ನನ್ನ ಮಾತು. ಚೀಟಿಯಲ್ಲಿ ಜಾಗ ಸಾಲದೆಂದು ಬರೆದಿದ್ದೆ. ಸುಳ್ಳು. ಯಾತ್ರಿಕರ ರೂಢಿ ಎಂದಿದ್ದೆ. ಅದೂ ಸುಳ್ಳು. ಸೂಲಗಿತ್ತಿ ಎಂದು ಬರೆದರೆ ಯಾವ ಸೂಲಗಿತ್ತಿ, ಯಾರ ಪೈಕಿ ಎಂದು ಯಾರಾದರೂ ಕೇಳುತ್ತಾರೆ, ಅವರ ಜಗಲಿಗೆ ನೀವು ಹೋಗಿದ್ದಿರಾ ಎನ್ನುತ್ತಾರೆ. ನನಗೆ ನಾಚಿಕೆಯಾಗಿತ್ತು. ಮೂವತ್ತೆಂಟು ವರ್ಷ ಮಕ್ಕಳಿಗೆ ಎಲ್ಲರೂ ಒಂದೇ ಎಂದು ಪಾಠ ಹೇಳಿದೆ. ನಿಮ್ಮ ಕಾಫಿಯನ್ನು ಯಾಕೆ ಕುಡಿಯಲಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ದಿನ ಬೆಳಗಿನಿಂದ ನಾನು ಏನೂ ಕುಡಿದಿರಲಿಲ್ಲ.

ಅಪ್ಪ ದಾರವನ್ನು ಮಾತ್ರ ಎಸೆದರು. ನಾನು ಓದಿದವನು, ಕಥೆಯಿಂದ ಅವರನ್ನೇ ತೆಗೆದೆ. ಅವರ ಜೊತೆ ಅವರ ಎಚ್ಚರಿಕೆಯೂ ಹೋಯಿತು. ನೀವು ಮತ್ತೆ ಬರೆದು ತಿಳಿಸಿದ ಮೇಲೂ ನಕ್ಕೆ. ಅದಕ್ಕೆ ಕ್ಷಮೆ ಕೇಳುವ ಧೈರ್ಯ ನನಗಿಲ್ಲ.

ಸೋಮನಾಥ

*

ನಾರ್ವೆ
14 ಮಾರ್ಚ್ 2025

ಮೇಷ್ಟ್ರೇ,

ಈ ಸಲದ ಕಾಗದ ಓದಲು ಸುಲಭ ಇತ್ತು. ಒಂದು ಶಬ್ದಕ್ಕೂ ಯಾರನ್ನೂ ಕೇಳಬೇಕಾಗಲಿಲ್ಲ.

ಆ ದಾರ ಎಲ್ಲಿ ಹೋಯಿತು ಹೇಳಲಾ? ನೀವು ಹುಟ್ಟಿದಾಗ ನಾನು ಮೂರು ತಿಂಗಳ ಕೂಸು. ನನ್ನನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಅವ್ವ ನಿಮ್ಮ ಮನೆಗೆ ಬಂದಿದ್ದಳು. ಆ ಎರಡು ದಿನ ನನಗೆ ಹಾಲಿಲ್ಲ, ಗಂಜಿತಿಳಿ. ಹನ್ನೊಂದನೇ ದಿನ ಅಕ್ಕಿ ತರಲು ಹೋಗಿ ಬಂದ ಮೇಲೆ ನಿಮ್ಮ ದಾರ ನನ್ನ ಕೈಗೆ ಬಿತ್ತು. ಒಳ್ಳೆಯ ದಾರ ದಂಡ ಮಾಡುವವಳಲ್ಲ ಅವಳು. ವರ್ಷ ತುಂಬುವವರೆಗೂ ಅದನ್ನೇ ಕಟ್ಟಿಕೊಂಡಿದ್ದೆನಂತೆ.

ನಿಮ್ಮನ್ನು ಕ್ಷಮಿಸುವುದು ನನ್ನ ಕೈಯಲ್ಲಿಲ್ಲ. ಅದು ಸೌಂದರ್ಯಾಳದ್ದು, ಕೂಸಿನದ್ದು. ಅವ್ವನದ್ದು ಕೇಳೋಣ ಅಂದರೆ ಅವಳಿಲ್ಲ.

ಏಪ್ರಿಲ್ ಆರಕ್ಕೆ ಕೂಸಿಗೆ ವರ್ಷ ತುಂಬುತ್ತದೆ. ಆ ದಿನ ಹಳೇ ದಾರ ಬಿಚ್ಚಿ ಹೊಸದು ಕಟ್ಟುವ ಕ್ರಮ. ಎನ್.ಆರ್.ಪುರಕ್ಕೆ ಬನ್ನಿ. ಐವತ್ತು ಅರವತ್ತು ಜನ ಇರುತ್ತಾರೆ. ಅವರ ಎದುರಿಗೆ ನಿಂತು, ನೀವು ಎಂತ ಮಾಡಿದಿರಿ ಅಂತ ಬಾಯಿಬಿಟ್ಟು ಹೇಳಿ. ಕಾಗದದಲ್ಲಿ ಅಲ್ಲ. ಆಮೇಲೆ ಹೆಸರು ಹೇಳುತ್ತೇನೆ.

ಬರದಿದ್ದರೂ ನಾನೇನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡಾಗಿದೆ.

ಸೀತಕ್ಕ

*

ಕೊಪ್ಪ
9 ಏಪ್ರಿಲ್ 2025

ರೇಣುಕಾಪ್ರಸಾದ್,

ಇದರೊಂದಿಗೆ ಹೊಸ ಚೀಟಿಯ ಬರಹವಿದೆ. ಇದನ್ನು ದೊಡ್ಡದಾಗಿ ಅಚ್ಚುಹಾಕಿಸಿ ನಿನ್ನ ಅಂಗಡಿಯ ಮುಂದೆ ಅಂಟಿಸು. ಲಾಡ್ಜುಗಳಿಗೆ, ಬಸ್ಸುಗಳಿಗೆ ನಾನೇ ಹಂಚುತ್ತೇನೆ. ಪತ್ರಿಕೆಗೂ ನನ್ನ ಹೆಸರು ಹಾಕಿಯೇ ಕಳಿಸಿದ್ದೇನೆ. ಹೋದ ದಾರಗಳೆಲ್ಲ ಇದರಿಂದ ವಾಪಸು ಬರುವುದಿಲ್ಲ. ಎಲ್ಲೋ ಒಂದು ತೊಟ್ಟಿಲಿನಲ್ಲಿ ಇನ್ನೂ ಇರಬಹುದೆಂದು ಬೆಳಗ್ಗೆ ಎದ್ದ ಕೂಡಲೇ ನೆನಪಾಗುತ್ತದೆ.

ಭಾನುವಾರ ಎನ್.ಆರ್.ಪುರಕ್ಕೆ ಹೋಗಿದ್ದೆ. ಎದ್ದು ನಿಂತೆ. ಹೇಳಿದೆ. ಸೌಂದರ್ಯಾ ನನ್ನ ಕಡೆ ನೋಡಲಿಲ್ಲ, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅದು ನ್ಯಾಯವೇ.

ಸೀತಕ್ಕ ಕಾಫಿ ತಂದರು. 'ಕುಡಿದು ಬಂದಿಲ್ವಾ ಮೇಷ್ಟ್ರೇ ಈ ಸಲ?' ಅಂದರು. ಕುಡಿದೆ. ಆಮೇಲೆ ಅವರು ಹತ್ತಿರ ಬಂದು, ನಾಮಕರಣದಲ್ಲಿ ಕೂಸಿಗೆ ಹೇಳುವ ಹಾಗೆ ನನ್ನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. 'ಈಗ ಗಟ್ಟಿಯಾಗಿ ನೀವು ಹೇಳಿ' ಅಂದರು. ಹೇಳಿದೆ. ಒಳಗಿನಿಂದ ಸೌಂದರ್ಯಾಗೂ ಕೇಳಿಸಿರಬೇಕು.

ಬರಹ ಇಲ್ಲಿದೆ. ಒಂದಕ್ಷರ ತಿದ್ದಬೇಡ. ಚೆನ್ನಾಗಿ ಕಾಣಲಿ ಎಂದು ಏನನ್ನೂ ಸೇರಿಸಬೇಡ.

'ಈ ದಾರವನ್ನು ಯಾವ ಋಷಿಯೂ ಕೊಟ್ಟಿಲ್ಲ. ಇದು ಸೂಲಗಿತ್ತಿಯರದು. ನಾರ್ವೆಯ ಬೆಳ್ಳಿ ಎಂಬವಳು ಕಟ್ಟುತ್ತಿದ್ದಳು, ಅವಳಿಗೆ ಮೊದಲು ಅವಳ ಅವ್ವ. ಕಪ್ಪು ದಾರ, ಏಳು ಗಂಟು, ಬಟ್ಟೆಯಲ್ಲಿ ಹೊಲಿದ ಬಜೆ. ಗುಲಗಂಜಿ ವಿಷ, ಅದಿದ್ದರೆ ಈಗಲೇ ಬಿಚ್ಚಿ. ಕೆಂಪು ಬೇಲಿಗೆ, ಕಪ್ಪು ತೊಟ್ಟಿಲಿಗೆ ಎಂದು ಬೆಳ್ಳಿ ಹೇಳಿದ್ದಳು. ಮೊದಲ ಚೀಟಿಯಲ್ಲಿ ಆ ಮಾತನ್ನೂ ಅವಳನ್ನೂ ಅಳಿಸಿದವನು ನಾನು. ನಾನು ಹುಟ್ಟಿದ್ದು ಅವಳ ಕೈಯಲ್ಲಿ.

ಸೋಮನಾಥ, ಕೊಪ್ಪ'